ಬಾಡಿಗೆ ಕಾರಿನಲ್ಲಿ ಒಂದು ನಡುಗಡ್ಡೆಗೆ

ನಮ್ಮ ಎಡೆದೊರೆ ನಾಡಿನ ಕುಟುಂಬಗಳಿಗೆ ಪ್ರವಾಸವೆಂದರೆ ಬಹುಕಾಲದವರೆಗೆ ಜಾತ್ರೆಯೇ ಆಗಿತ್ತು. ಗುರುಗುಂಟಾ ಅಮರೇಶ್ವರ, ತಿಂಥಣಿ ಮೌನೇಶ್ವರ, ಕೂಡಲಸಂಗಮ, ಕಾಲ್ನಡಿಗೆಯ ಶ್ರೀಶೈಲ ಇವೇ ನಮ್ಮ ಹಿರಿಯರು ಕಂಡ ಜಗತ್ತಿನ ಗಡಿಗಳು. ಮೊದಲು ಚಕ್ಕಡಿ ಕಟ್ಟಿದರು, ಆಮೇಲೆ ಟ್ರ್ಯಾಕ್ಟರಿನ ಟ್ರಾಲಿಯಲ್ಲಿ ಹುಲ್ಲು ಹಾಸಿಕೊಂಡು ಕುಳಿತರು, ಅನಂತರ ಟ್ರ್ಯಾಕ್ಸ್ ಗಾಡಿಗಳು ಬಂದವು. ದೇವರ ದರ್ಶನದ ನೆಪವಿಲ್ಲದೆ, ಕೇವಲ ನೋಡುವುದಕ್ಕಾಗಿ ಮನೆಮಂದಿಯೆಲ್ಲ ಹೊರಡುವ ಪದ್ಧತಿ ತೀರ ಈಚಿನದು. ಕಾಲುವೆಯ ನೀರು ಸಿಂಧನೂರು ಸೀಮೆಯನ್ನು ಬತ್ತದ ಗದ್ದೆಯಾಗಿಸಿದ ಮೇಲೆ, ಕೈಯಲ್ಲಿ ನಾಲ್ಕು ಕಾಸು ಆಡತೊಡಗಿದ ಮೇಲೆ ಬಂದದ್ದು.

ಈಗಂತೂ ಮಾತು ಬೇರೆಯೇ. ನಮ್ಮ ಊರುಗಳ ಮಕ್ಕಳು ಹೊರದೇಶಗಳಲ್ಲಿ ನೆಲೆಸಿದ್ದಾರೆ. ತಂದೆತಾಯಿಗಳನ್ನು ಕರೆಸಿಕೊಂಡು ಸುತ್ತಾಡಿಸುತ್ತಾರೆ. ಬಳಗಾನೂರಿನ ಪರಿಚಿತರೊಬ್ಬರ ಮನೆಯಲ್ಲಿ ಈಚೆಗೆ ಗ್ರೀಸ್ ದೇಶದ ರೋಡ್ಸ್ ದ್ವೀಪದ ಚಿತ್ರಗಳನ್ನು ನೋಡಿದೆ. ಮನೆಯವರಿಗಷ್ಟೇ ಮೀಸಲಾದ ಒಂದು ಕಾರು, ಜೊತೆಗೊಬ್ಬ ಮಾರ್ಗದರ್ಶಿ, ಇಡೀ ದಿನ ದ್ವೀಪದ ಸುತ್ತಾಟ. ನೀಲಿ ಕಡಲು, ಹಳದಿ ಕಲ್ಲಿನ ಕೋಟೆ, ಬೀದಿಯುದ್ದಕ್ಕೂ ಬೆಣಚುಕಲ್ಲಿನ ಹಾಸು. ಆ ಕೋಟೆಯನ್ನು ಸೇಂಟ್ ಜಾನ್ ಪಂಥದ ಯೋಧರು ಆಳುತ್ತಿದ್ದರು. 1522ರಲ್ಲಿ ತುರುಕಿಯ ಸುಲ್ತಾನ ಸುಲೇಮಾನ್ ಆರು ತಿಂಗಳ ಮುತ್ತಿಗೆಯ ನಂತರ ಅದನ್ನು ಗೆದ್ದುಕೊಂಡನು. ಈ ಇಸವಿ ನಮ್ಮವರಿಗೆ ಅಪರಿಚಿತವಲ್ಲ. ಅದಕ್ಕೆ ಎರಡೇ ವರ್ಷ ಮೊದಲು, 1520ರಲ್ಲಿ, ಕೃಷ್ಣದೇವರಾಯನು ಬಿಜಾಪುರದ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದಿದ್ದನು.

ಆ ಮನೆಯ ಯಜಮಾನಿ ಹೇಳಿದ ಒಂದು ಸಂಗತಿ ನನ್ನ ಮನಸ್ಸಿನಲ್ಲಿ ನಿಂತಿತು. ಕಾರು ನಡೆಸುವವನು ದಾರಿಯುದ್ದಕ್ಕೂ ಊರಿನ ಕತೆ ಹೇಳುತ್ತಾನಂತೆ. ಆದರೆ ಪ್ರಾಚೀನ ಸ್ಥಳದ ಬಾಗಿಲಿಗೆ ಬಂದೊಡನೆ ಅವನ ಮಾತು ನಿಲ್ಲುತ್ತದೆ. ಒಳಗೆ ವಿವರಿಸುವ ಅಧಿಕಾರ ಸರಕಾರದಿಂದ ಪರವಾನಗಿ ಪಡೆದ ಮಾರ್ಗದರ್ಶಿಗೆ ಮಾತ್ರ ಉಂಟು. ಅದಕ್ಕಾಗಿ ಓದಿ ಕಲಿತು ತೇರ್ಗಡೆಯಾಗಬೇಕು. ಅದೊಂದು ಗೌರವದ ಉದ್ಯೋಗ. ಇಂಥದೊಂದು ವ್ಯವಸ್ಥೆ ನಮ್ಮಲ್ಲಿ ಹಂಪಿಯಂಥ ಹೆಸರಾಂತ ಕ್ಷೇತ್ರಗಳಲ್ಲಿ ಇದೆ. ಅಲ್ಲಿ ಇಲಾಖೆಯ ಗುರುತಿನ ಚೀಟಿಯುಳ್ಳ ಮಾರ್ಗದರ್ಶಿಗಳಿದ್ದಾರೆ. ಉಳಿದೆಡೆ ನಮಗೆ ಕಾರು ಸಿಗುತ್ತದೆ, ಹೇಳುವವರು ಸಿಗುವುದಿಲ್ಲ.

ಕೋಟೆಯುಳ್ಳ ನಡುಗಡ್ಡೆಯನ್ನು ನೋಡಲು ಕಡಲು ದಾಟಲೇಬೇಕೆಂದಿಲ್ಲ. ಲಿಂಗಸುಗೂರು ತಾಲ್ಲೂಕಿನ ಜಲದುರ್ಗವು ಕೃಷ್ಣಾ ನದಿಯ ನಡುವೆಯೇ ಇದೆ. ಬಳಗಾನೂರಿನಿಂದ ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬಹುದಾದ ಹಾದಿ. ಹೀಗಿದ್ದೂ ನಮ್ಮ ಭಾಗದಲ್ಲಿ ಊಟಿ, ಮೈಸೂರು ಕಂಡವರಷ್ಟು ಜನ ಜಲದುರ್ಗ ಕಂಡವರಿಲ್ಲ. ಮನೆಯ ಹಿತ್ತಲ ಗಿಡ ಮದ್ದಲ್ಲವೆಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕಾರಿನ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ. ಸಿಂಧನೂರು, ಮಸ್ಕಿ, ಲಿಂಗಸುಗೂರುಗಳಲ್ಲಿ ಬಾಡಿಗೆಯ ಗಾಡಿಗಳಿಗೆ ಕೊರತೆಯಿಲ್ಲ. ಹಳದಿ ಫಲಕದ ಗಾಡಿಯನ್ನೇ ಗೊತ್ತು ಮಾಡಬೇಕು. ನೆರೆಯವರ ಸ್ವಂತ ಗಾಡಿಯನ್ನು ಬಾಡಿಗೆಗೆ ಒಯ್ಯುವುದು ಕಾನೂನಿಗೆ ಒಪ್ಪುವುದಿಲ್ಲ, ಅಪಘಾತವಾದರೆ ವಿಮೆಯ ತಕರಾರೂ ಏಳುತ್ತದೆ. ಬಾಡಿಗೆ ಕಿಲೋಮೀಟರಿನ ಲೆಕ್ಕವೋ, ಇಡೀ ದಿನಕ್ಕೋ, ಚಾಲಕನ ಬತ್ತೆ ಅದರಲ್ಲಿ ಸೇರಿದೆಯೋ ಇಲ್ಲವೋ ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಂಡರೆ ಸಂಜೆ ಮನಸ್ತಾಪವಿರುವುದಿಲ್ಲ. ವಯಸ್ಸಾದವರು, ಹಸುಗೂಸುಗಳು ಇರುವ ಮನೆಗೆ ಬಸ್ಸಿಗಿಂತ ಇದೇ ಮೇಲು. ಬೇಕಾದಲ್ಲಿ ನಿಲ್ಲಿಸಬಹುದು, ಒಬ್ಬರು ನಡೆಯಲಾರೆನೆಂದರೆ ಗಾಡಿಯಲ್ಲೇ ಕೂರಿಸಬಹುದು. ಬುತ್ತಿಯನ್ನಂತೂ ಮರೆಯಕೂಡದು. ಕಡಕು ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಮೊಸರು, ಎರಡು ಕೊಡ ಕುಡಿಯುವ ನೀರು. ನಡುಗಡ್ಡೆಯಲ್ಲಿ ಹೋಟೆಲನ್ನು ನಂಬಿ ಹೋಗಬಾರದು.

ದಾರಿಯಲ್ಲಿ ಮಸ್ಕಿ ಬರುತ್ತದೆ. ನಿತ್ಯ ಸಂತೆ ಮಾಡುವ ಊರಲ್ಲವೇ ಎಂದು ದಾಟಿಹೋಗುವವರೇ ಹೆಚ್ಚು. ಅಲ್ಲಿಯ ಗುಡ್ಡದ ಬಂಡೆಯ ಮೇಲಿನ ಬ್ರಾಹ್ಮೀ ಶಾಸನವು 1915ರಲ್ಲಿ ಗಣಿ ಎಂಜಿನಿಯರ್ ಬೀಡನ್ ಅವರ ಕಣ್ಣಿಗೆ ಬೀಳುವವರೆಗೆ, ದೇವಾನಾಂಪ್ರಿಯನೆಂದು ತನ್ನನ್ನು ಕರೆದುಕೊಂಡ ಅರಸನ ನಿಜನಾಮವು ಆವರೆಗೆ ದೊರೆತಿದ್ದ ಯಾವ ಬಂಡೆಯ ಮೇಲೂ ಇರಲಿಲ್ಲ. ಮಸ್ಕಿಯ ಬಂಡೆಯಲ್ಲಿ ಅಶೋಕ ಎಂಬ ಹೆಸರು ಸ್ಪಷ್ಟವಾಗಿತ್ತು. ಅನಂತರ ಬಳ್ಳಾರಿ ಸೀಮೆಯ ನಿಟ್ಟೂರು, ಉಡೇಗೋಳಗಳಲ್ಲೂ ಆ ಹೆಸರು ಕಂಡಿತಾದರೂ ಮೊದಲ ಮನ್ನಣೆ ನಮ್ಮದೇ. ಮಕ್ಕಳನ್ನು ಇಲ್ಲಿ ಅರ್ಧ ಗಂಟೆ ಇಳಿಸಿದರೆ ಇತಿಹಾಸದ ಪುಸ್ತಕದ ಒಂದು ಪುಟ ಅವರಿಗೆ ಸ್ವಂತದ್ದಾಗುತ್ತದೆ. ಲಿಂಗಸುಗೂರಿನಲ್ಲಿ ಚಹಾ ಸಾಕು. ನಿಜಾಮರ ಕಾಲದಲ್ಲಿ ಅದು 1905ರವರೆಗೆ ಜಿಲ್ಲಾ ಕೇಂದ್ರವಾಗಿತ್ತೆಂಬುದನ್ನು ಇಂದು ಹೇಳಿದರೆ ಅಲ್ಲಿಯವರೇ ಹುಬ್ಬೇರಿಸುತ್ತಾರೆ. ಹಟ್ಟಿಯ ಚಿನ್ನದ ಗಣಿಯನ್ನು ಇದೇ ದಿನ ಸೇರಿಸಿಕೊಳ್ಳುವ ಆಸೆ ಬೇಡ. ಅನುಮತಿಯಿಲ್ಲದೆ ಅಲ್ಲಿ ಹೊರಗಿನ ಗೇಟಿಗಿಂತ ಹೆಚ್ಚೇನೂ ಕಾಣದು.

ಲಿಂಗಸುಗೂರಿನಿಂದ ಸುಮಾರು 20 ಕಿಲೋಮೀಟರು ಸಾಗಿದರೆ ಕೃಷ್ಣೆ. ಇಲ್ಲಿ ನದಿಯು ನಾವು ಪುಸ್ತಕದಲ್ಲಿ ಓದಿದ ಗಂಭೀರ ಗಮನೆಯಲ್ಲ. ನಾರಾಯಣಪುರದ ಕೆಳಗೆ ನೆಲವೇ ತಗ್ಗಿಗೆ ಜಾರುತ್ತದೆ; ಬಂಡೆಗಳ ನಡುವೆ ಕವಲೊಡೆದು, ಮತ್ತೆ ಕೂಡಿ, ಮತ್ತೆ ಸಿಡಿದು ನೀರು ಧುಮುಕುತ್ತದೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರ್ ತನ್ನ ಆತ್ಮಕಥೆಯಲ್ಲಿ ಕೃಷ್ಣೆಯ ಈ ಧುಮುಕಾಟವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಹೀಗೆ ಕವಲೊಡೆದ ನೀರಿನ ನಡುವೆ ಉಳಿದ ನೆಲವೇ ಗಡ್ಡೆ. ನಮ್ಮ ಆಡುಮಾತಿನಲ್ಲಿ ಗಡ್ಡಿ. ಕಡದರಗಡ್ಡಿ, ಕರಕಲಗಡ್ಡಿ ಎಂಬ ಊರ ಹೆಸರುಗಳಲ್ಲಿಯೇ ಆ ಭೂಗೋಳ ಅಡಗಿದೆ.

ಕೋಟೆ ಇರುವುದು ಈ ನಡುಗಡ್ಡೆಯ ಎತ್ತರದಲ್ಲಿ. ದೇವಗಿರಿಯ ಯಾದವರು ಕಟ್ಟಿಸಿರಬೇಕೆಂದು ಹೇಳಲಾಗುತ್ತದೆ. ಆಮೇಲೆ ಬಿಜಾಪುರದ ಆದಿಲಶಾಹಿಗಳ ಕೈಯಲ್ಲಿ ಅದು ಬಲವಾದ ಠಾಣ್ಯವಾಗಿತ್ತು. ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ಫಲವತ್ತಾದ ನೆಲಕ್ಕಾಗಿ ಬಹಮನಿಗಳೂ ವಿಜಯನಗರದವರೂ ಎರಡು ಶತಮಾನ ಕಾದಾಡಿದರು. ರಾಯಚೂರು, ಮುದಗಲ್ಲುಗಳು ಎಷ್ಟು ಸಲ ಕೈ ಬದಲಾಯಿಸಿದವೋ ಲೆಕ್ಕವಿಲ್ಲ. ಆ ಜಗಳದಲ್ಲಿ ನದಿಯನ್ನೇ ಕಂದಕವಾಗಿ ಪಡೆದ ಕೋಟೆಯ ಬೆಲೆ ಏನೆಂಬುದನ್ನು ಅದರ ಬುರುಜಿನ ಮೇಲೆ ನಿಂತು ಕೆಳಗೆ ನೋಡಿದಾಗಲೇ ತಿಳಿಯಬೇಕು. ಕಂದಕ ತೋಡುವ ಶ್ರಮವನ್ನು ಹೊಳೆಯೇ ಮಾಡಿಟ್ಟಿದೆ. ಮರಣದಂಡನೆಗೆ ಗುರಿಯಾದವರನ್ನು ಈ ತುದಿಯಿಂದಲೇ ನದಿಗೆ ನೂಕುತ್ತಿದ್ದರೆಂಬ ಕತೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕತೆ ಕೇಳಿದೊಡನೆ ಮಕ್ಕಳು ಅಂಚಿನ ಕಡೆಗೇ ಓಡುತ್ತಾರೆ; ಅವರ ಕೈ ಬಿಡಬಾರದು.

ನಮಗೆ ಕೋಟೆ ತೋರಿಸಿದವರು ಊರಿನ ಹಿರಿಯರೊಬ್ಬರು. ಗಾಡಿ ನಿಂತದ್ದನ್ನು ಕಂಡು ತಾವಾಗಿ ಬಂದರು. ಹೆಗಲ ಮೇಲೆ ಟವೆಲು, ಕೈಯಲ್ಲಿ ಕೋಲು. ಯಾವ ಬಾಗಿಲನ್ನು ಯಾವ ಅರಸ ಕಟ್ಟಿಸಿದನೆಂಬುದು ಅವರಿಗೆ ಗೊತ್ತಿರಲಿಲ್ಲ. ಆದರೆ ಯಾವ ಕಲ್ಲು ಕಾಲಿಟ್ಟರೆ ಅಲುಗುತ್ತದೆ, ಹೊಳೆ ಯಾವ ತಿಂಗಳಲ್ಲಿ ಯಾವ ಬಂಡೆಯನ್ನು ಮುಚ್ಚುತ್ತದೆ, ಯಾವ ಮಡುವಿಗೆ ಮೊಸಳೆಯ ಹೆದರಿಕೆಯಿಂದ ಎಮ್ಮೆ ಇಳಿಸುವುದಿಲ್ಲ, ಎಲ್ಲಿ ನಿಧಿಯಾಸೆಗೆ ಯಾರೋ ರಾತ್ರೋರಾತ್ರಿ ಅಗೆದು ಹೋದರು, ಎಲ್ಲವೂ ಕಂಠಪಾಠ. ಬುರುಜಿನ ಮೇಲಿನಿಂದ ಕೋಲು ಚಾಚಿ ನದಿಯ ಎರಡು ಕವಲುಗಳನ್ನು ತೋರಿಸಿ, “ಹೊಳಿ ತುಂಬಿ ಬಂತಂದ್ರ ನಮ್ಮೂರು ಬ್ಯಾರೇನ ದೇಶ ನೋಡ್ರಿ” ಎಂದರು. ನನ್ನ ಮಟ್ಟಿಗೆ ಆ ದಿನದ ಸಾರವೆಲ್ಲ ಆ ಒಂದು ಮಾತಿನಲ್ಲಿತ್ತು.

ಏಕೆಂದರೆ ರೋಡ್ಸ್ ದ್ವೀಪದ ಜನರಿಗೆ ಕಡಲು ಎಂದೂ ಅಲ್ಲೇ ಇರುತ್ತದೆ. ಇಲ್ಲಿಯ ನೀರು ಹಾಗಲ್ಲ. ಮಹಾರಾಷ್ಟ್ರದ ಘಟ್ಟಗಳಲ್ಲಿ ಮಳೆ ಹಿಡಿದರೆ ಆಲಮಟ್ಟಿ ತುಂಬುತ್ತದೆ, ಆಲಮಟ್ಟಿ ಬಿಟ್ಟರೆ ನಾರಾಯಣಪುರದ ಬಸವಸಾಗರ ತುಂಬುತ್ತದೆ, ಬಸವಸಾಗರದ ಬಾಗಿಲು ತೆರೆದರೆ ಕೆಳಗಿನ ಗಡ್ಡೆಗಳಿಗೆ ದಾರಿ ಮುಚ್ಚುತ್ತದೆ. 2019ರ ಆಗಸ್ಟಿನಲ್ಲಿ ಅಲ್ಲಿಂದ ಸುಮಾರು 6 ಲಕ್ಷ ಕ್ಯೂಸೆಕ್ ನೀರು ಹರಿಯಿತು. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ 28 ಲೀಟರಿಗೂ ಹೆಚ್ಚು. ಅಂದರೆ ಪ್ರತಿ ಸೆಕೆಂಡಿಗೆ ಸುಮಾರು 1 ಕೋಟಿ 70 ಲಕ್ಷ ಲೀಟರು. ಶೀಲಹಳ್ಳಿಯ ಸೇತುವೆ ಮುಳುಗಿ ನಡುಗಡ್ಡೆಯ ಹಳ್ಳಿಗಳ ಸಂಪರ್ಕ ಕಡಿದುಹೋಯಿತು. ಕರಕಲಗಡ್ಡಿಯಂಥ ಕಿರುಗಡ್ಡೆಗಳಲ್ಲಿ ಉಳಿದವರು ಕುರಿ ಮೇಕೆಗಳನ್ನು ಬಿಟ್ಟು ಬರಲಾರೆವೆಂದು ಅಲ್ಲಿಯೇ ನಿಂತರು. ಬಸುರಿ ಹೆಣ್ಣುಮಗಳು, ಜ್ವರ ಬಂದ ಮುದುಕ, ಪರೀಕ್ಷೆಗೆ ಕೂರಬೇಕಾದ ಹುಡುಗ ಇವರಿಗೆ ಇಂಥ ದಿನಗಳಲ್ಲಿ ನಡುಗಡ್ಡೆ ಎಂಬ ಶಬ್ದದ ಅರ್ಥ ಬೇರೆಯೇ ಆಗಿರುತ್ತದೆ. ಪ್ರವಾಸಿಯು ಕೋಟೆಯ ಚೆಲುವನ್ನು ನೋಡಿ ಬಂದರೆ ಸಾಲದು, ಇದನ್ನೂ ಕೇಳಿಕೊಂಡು ಬರಬೇಕು.

ಇದೇ ಜಲಾಶಯದ ಹಿನ್ನೀರು ಮೇಲ್ಗಡೆ ಕೂಡಲಸಂಗಮದಲ್ಲಿ ಬಸವಣ್ಣನವರ ಐಕ್ಯಮಂಟಪವನ್ನು ಸುತ್ತುವರಿದಿರುವುದು ಓದುಗರಿಗೆ ಗೊತ್ತೇ ಇದೆ. ಅಲ್ಲಿ ಮಂಟಪದ ಸುತ್ತ ಬಾವಿಯಂತೆ ಗೋಡೆ ಎತ್ತರಿಸಿ ನೀರನ್ನು ತಡೆಯಲಾಗಿದೆ. ಭಕ್ತರು ಮೆಟ್ಟಿಲಿಳಿದು ದರ್ಶನ ಪಡೆಯುತ್ತಾರೆ. 1982ರಲ್ಲಿ ಮುಗಿದ ಒಂದು ಅಣೆಕಟ್ಟು ಮೇಲೆ ಒಂದು ನಡುಗಡ್ಡೆಯನ್ನು ಹೊಸದಾಗಿ ಮಾಡಿತು, ಕೆಳಗಿನ ನಡುಗಡ್ಡೆಗಳ ಪ್ರವಾಹದ ದಿನಗಳನ್ನು ತನ್ನ ಬಾಗಿಲುಗಳ ಲೆಕ್ಕಕ್ಕೆ ತಂದಿತು.

ಆದ್ದರಿಂದ ಹೊರಡುವ ಕಾಲ ಮುಖ್ಯ. ಜುಲೈಯಿಂದ ಅಕ್ಟೋಬರದವರೆಗೆ ಜಲಾಶಯದಿಂದ ನೀರು ಬಿಟ್ಟ ಸುದ್ದಿ ಪತ್ರಿಕೆಯಲ್ಲಿ ಬಂದಿದೆಯೇ ಎಂದು ನೋಡದೆ, ಲಿಂಗಸುಗೂರಿನಲ್ಲಿ ವಿಚಾರಿಸದೆ, ಆ ಕಡೆ ಗಾಡಿ ತಿರುಗಿಸಬಾರದು. ತುಂಬಿದ ಹೊಳೆ ನೋಡುವ ಚಪಲವಿದ್ದರೆ ದೂರದ ದಡದಿಂದ ನೋಡಬೇಕು. ಸೇತುವೆಯ ಮೇಲೆ ನೀರು ಒಂದು ಗೇಣು ಹರಿಯುತ್ತಿದ್ದರೂ ಚಾಲಕನನ್ನು ಒತ್ತಾಯಿಸಕೂಡದು. ಏಪ್ರಿಲ್, ಮೇ ತಿಂಗಳ ಬಿಸಿಲನ್ನು ರಾಯಚೂರು ಜಿಲ್ಲೆಯವರಿಗೆ ನಾನು ವಿವರಿಸಬೇಕಿಲ್ಲ. ಸಂಕ್ರಾಂತಿಯಿಂದ ಶಿವರಾತ್ರಿಯವರೆಗಿನ ದಿನಗಳು ಹಿತ.

ಇನ್ನು ಸಂಭಾವನೆಯ ಮಾತು. ಆ ಹಿರಿಯರಿಗೆ ನಾವು ಹಣ ಕೊಡಹೋದಾಗ ಅವರು ಎರಡು ಹೆಜ್ಜೆ ಹಿಂದೆ ಸರಿದರು. “ಊರ ತೋರಸಾಕ ರೊಕ್ಕ ತಗೊಂತಾರೇನ್ರಿ?” ಎಂದರು. ನಮ್ಮ ಬುತ್ತಿಯಲ್ಲಿ ಎರಡು ರೊಟ್ಟಿ ಉಂಡರು, ಅಷ್ಟೇ. ನಮ್ಮ ಮನೆಯ ಹೆಂಗಸರು ಆ ದೊಡ್ಡತನವನ್ನು ಊರಿಗೆ ಬಂದು ವಾರವಿಡೀ ಹೊಗಳಿದರು. ನನಗೆ ಮಾತ್ರ ಅದು ಅಷ್ಟು ಸರಳವಾಗಿ ತೋರಲಿಲ್ಲ. ಅವರ ಮೊಮ್ಮಗ ಪದವಿ ಮುಗಿಸಿ ಬೆಂಗಳೂರಿನಲ್ಲಿ ಯಾವುದೋ ಕಟ್ಟಡದ ಕಾವಲು ಕಾಯುತ್ತಿದ್ದಾನೆಂದು ಊಟದ ನಡುವೆ ಅವರೇ ಹೇಳಿದ್ದರು. ಯಾರದೋ ಕಟ್ಟಡ ಕಾಯಲು ಸಂಬಳವುಂಟು, ತನ್ನೂರಿನ ಕೋಟೆ ತೋರಿಸಲು ಇಲ್ಲ. ಗ್ರೀಸಿನಲ್ಲಿ ಒಂದು ದಿನದ ಕಾರಿಗೂ ಮಾರ್ಗದರ್ಶಿಗೂ ಎಷ್ಟು ಕೇಳಿದರೂ ನಮ್ಮವರು ಚೌಕಾಶಿಯಿಲ್ಲದೆ ತೆತ್ತು ಬರುತ್ತಾರೆ. ಇಲ್ಲಿ ಡೀಸೆಲ್ಲಿಗೆ ಲೆಕ್ಕವಿಡುತ್ತೇವೆ, ಟೋಲಿಗೆ ಲೆಕ್ಕವಿಡುತ್ತೇವೆ. ಹೇಳಿ ತೋರಿಸಿದವನ ದಿನಕ್ಕೆ ಲೆಕ್ಕವಿಲ್ಲ.

ಇಲಾಖೆಯವರು ಎಂದೋ ಒಂದು ದಿನ ಆ ಹಳ್ಳಿಗಳ ಹತ್ತು ಹುಡುಗರಿಗೆ, ಹುಡುಗಿಯರಿಗೆ ತರಬೇತಿ ಕೊಟ್ಟು ಚೀಟಿ ಕೊಟ್ಟಾರು. ಅಲ್ಲಿಯವರೆಗೆ ಹೋಗುವ ಕುಟುಂಬಗಳು ತಾವೇ ಒಂದು ರೂಢಿ ಹಾಕಬಹುದು. ಒಂದೆರಡು ದಿನ ಮೊದಲೇ ಊರಿನ ಓದಿದ ಯುವಕನೊಬ್ಬನನ್ನು ಪರಿಚಿತರ ಮೂಲಕ ಗೊತ್ತು ಮಾಡಿ, ಕಾರಿನ ಬಾಡಿಗೆಯನ್ನು ನಿಗದಿ ಮಾಡಿದಂತೆಯೇ ಅವನ ದಿನದ ಸಂಭಾವನೆಯನ್ನೂ ನಿಗದಿ ಮಾಡಬೇಕು. ಇಸವಿಗಳನ್ನು ಅವನು ಪುಸ್ತಕದಿಂದ ಕಲಿತುಕೊಳ್ಳಲಿ; ಹೊಳೆಯ ವಿಷಯವನ್ನು ಅಜ್ಜನಿಂದ ಕೇಳಿ ಬರಲಿ. ಅಜ್ಜನೇ ಜೊತೆಗೆ ಬಂದರೆ ಇನ್ನೂ ಸಂತೋಷ. ರೊಕ್ಕ ಬೇಡವೆಂದರೆ ಮನೆಯ ಮಕ್ಕಳ ಹೆಸರಿನಲ್ಲಿ ಒಂದು ಜೊತೆ ಧೋತರ ಕೊಟ್ಟು ಬರಬಹುದು, ಅದನ್ನು ನಮ್ಮ ಕಡೆಯ ಯಾವ ಹಿರಿಯರೂ ತಿರಸ್ಕರಿಸುವುದಿಲ್ಲ.

ಮಧ್ಯಾಹ್ನ ನಾಲ್ಕರ ಹೊತ್ತಿಗೆ ಕೋಟೆ ಇಳಿದುಬಿಡಬೇಕು. ಮುದಗಲ್ಲನ್ನೂ ಇದೇ ಸಂಜೆ ಮುಗಿಸಿಬಿಡೋಣವೆಂದು ಚಾಲಕರು ಆಸೆ ಹುಟ್ಟಿಸುವುದುಂಟು. ಒಪ್ಪಬೇಡಿ. ಆ ಕೋಟೆಗೆ ಒಂದು ಇಡೀ ದಿನ ಬೇಕು, ಅದಕ್ಕೆ ಮತ್ತೊಮ್ಮೆ ಗಾಡಿ ಹೇಳಿದರಾಯಿತು.