ಹುತ್ತಕ್ಕೆ ಹಾಲು, ಅಣಬೆಗೆ ಮೈಲಿಗೆ

ಊಟದ ರಾಜಕಾರಣ ಅಂದಕೂಡಲೇ ನಾವು ದನದ ಮಾಂಸಕ್ಕೇ ನಿಂತುಬಿಡುತ್ತೇವೆ. ಮಲೆನಾಡಿನ ಕೂಲಿಕಾರರ ಗುಡಿಸಲುಗಳಲ್ಲಿ ಮಳೆಗಾಲದಲ್ಲಿ ಕುದಿಯುವ ಅಣಬೆ ಸಾರಿಗೂ ಒಂದು ಜಾತಿಚರಿತ್ರೆ ಇದೆ. ಮನುಸ್ಮೃತಿಯ ಐದನೇ ಅಧ್ಯಾಯ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸುತ್ತದೆ. ಹೊಲಸಿನಲ್ಲಿ ಹುಟ್ಟಿದ್ದೆಲ್ಲ ವರ್ಜ್ಯ ಎನ್ನುತ್ತದೆ. ಗೊತ್ತಿದ್ದೂ ಅಣಬೆ ತಿಂದ ದ್ವಿಜ ಪತಿತ ಎನ್ನುತ್ತದೆ. 1927ರ ಡಿಸೆಂಬರ್ 25ರಂದು ಮಹಾಡಿನಲ್ಲಿ ಅಂಬೇಡ್ಕರ್ ಮುಂದಾಳುತನದಲ್ಲಿ ಸುಟ್ಟದ್ದು ಈ ಗ್ರಂಥವನ್ನೇ.

ತಮಾಷೆ ನೋಡಿ. ಹುತ್ತ ಪವಿತ್ರ, ಅದಕ್ಕೆ ಹಾಲೆರೆಯಬೇಕು. ಅದೇ ಹುತ್ತದಿಂದ ಎದ್ದ ಅಣಬೆ ಮಾತ್ರ ಮೈಲಿಗೆ.

ಹುತ್ತದೊಳಗೆ ನಡೆಯುವುದು ಬೇಸಾಯ. ಗೆದ್ದಲು ಒಣಕಟ್ಟಿಗೆ, ತರಗೆಲೆ ತಿಂದು, ಹೊರಹಾಕಿದ್ದರಲ್ಲೇ ಜೇನುತಟ್ಟಿಯಂಥ ತಟ್ಟಿ ಕಟ್ಟುತ್ತದೆ. ಅದರ ಮೇಲೆ ಒಂದು ಶಿಲೀಂಧ್ರ ಬೆಳೆಯುತ್ತದೆ. ಗೆದ್ದಲಿಗೆ ಅರಗದ ಕಟ್ಟಿಗೆಯ ಸತ್ವವನ್ನು ಅದು ಒಡೆದು ಕೊಡುತ್ತದೆ. ಗೆದ್ದಲು ಅದನ್ನು ಸಾಕುತ್ತದೆ. ಮಳೆ ಹಿಡಿದ ಮೇಲೆ ಆ ತಟ್ಟಿಯಿಂದಲೇ ಉದ್ದ ಕಾಂಡ ಮಣ್ಣು ಸೀಳಿ ಮೇಲೆ ಬಂದು ಕೊಡೆ ಬಿಚ್ಚುತ್ತದೆ. 1942ರಲ್ಲಿ ಫ್ರಾನ್ಸಿನ ರೋಜರ್ ಹೈಮ್ ಈ ಕುಲಕ್ಕೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟ. ಮನು ಹೊಲಸು ಅಂದದ್ದರಲ್ಲೇ ಒಂದು ಅನ್ನ ಬೆಳೆಯುತ್ತಿತ್ತು.

ನಮ್ಮವ್ವನಿಗೆ ಆ ಹೆಸರು ಗೊತ್ತಿರಲಿಲ್ಲ. "ಹುತ್ತ ಒಡೀಬ್ಯಾಡ್ರೋ, ಬರೋ ವರ್ಷಾನೂ ಇಲ್ಲೇ ಏಳ್ತಾವೆ" ಅಂತಿದ್ದಳು. ತಟ್ಟಿ ಉಳಿದರೆ ಅಣಬೆ ಉಳಿಯುತ್ತದೆ ಎಂಬ ವಿಜ್ಞಾನ ಆ ಮಾತಿನಲ್ಲಿದೆ. ಕರಾವಳಿಯ ಕಡೆ ಮೊದಲ ಗುಡುಗುಮಳೆಗೆ ಸಿಗುವ ಕಲ್ಲಣಬೆಯದು ಇನ್ನೊಂದು ಬಗೆ. ಅದು ಮರದ ಬೇರಿನ ಜೊತೆ ಕೊಡುಕೊಳ್ಳುವ ಸಂಬಂಧ ಇಟ್ಟುಕೊಂಡು ಬದುಕುತ್ತದೆ. ಒಳಗೆ ಬೆಳ್ಳಗಿರುವ ಎಳೆಯದನ್ನಷ್ಟೇ ತಿನ್ನುತ್ತಾರೆ. ಬಲಿತರೆ ಒಳಗೆ ಕಪ್ಪು ಪುಡಿ. ಮರ ಕಡಿದರೆ ಅದೂ ಹೋಯಿತು.

ಈ ತಿಳಿವಳಿಕೆಗೆ ಪ್ರಾಣದ ಬೆಲೆ ಇದೆ. ಅಮಾನಿಟಾ ಕುಲದ ಕೆಲವು ಅಣಬೆಗಳ ವಿಷ ಬೇಯಿಸಿದರೂ ಹೋಗದು. ವಾಂತಿ ಭೇದಿ ಶುರುವಾಗಲಿಕ್ಕೇ ಆರು ತಾಸಿಗಿಂತ ಹೆಚ್ಚು ಹಿಡಿಯಬಹುದು. ಆಮೇಲೆ ಪಿತ್ತಜನಕಾಂಗ ಕೆಡುತ್ತದೆ. ಬೆಳ್ಳಿ ಕಪ್ಪಾಗುತ್ತದೆ, ಹುಳ ತಿಂದದ್ದು ಒಳ್ಳೇದು ಎಂಬ ಪರೀಕ್ಷೆಗಳೆಲ್ಲ ಸುಳ್ಳು. ಅವ್ವನ ಕಾನೂನು ಒಂದೇ: ಗುರುತಿಲ್ಲದ್ದನ್ನು ಮುಟ್ಟಬಾರದು.

ಆದರೆ ಕಾಡಿಗೆ ಹೋಗುವ ಹಕ್ಕು ಯಾರದು? 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳಲ್ಲಿ ಬಿದಿರು, ಜೇನು, ಅರಗು, ಗೆಡ್ಡೆಗೆಣಸುಗಳನ್ನು ಹೆಸರಿಸುತ್ತದೆ, ಅಣಬೆಯ ಹೆಸರಿಲ್ಲ. ಪರಿಶಿಷ್ಟ ಪಂಗಡಕ್ಕೆ ಸೇರದವರು 2005ರ ಡಿಸೆಂಬರ್ 13ಕ್ಕೆ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ನೆಚ್ಚಿ ಅಲ್ಲೇ ಬಾಳಿದ್ದನ್ನು ರುಜುವಾತು ಮಾಡಬೇಕು. ಮಲೆನಾಡಿನ ಹೊಲೆಯ ಮಾದಿಗರು ಇವರಲ್ಲೇ ಬರುತ್ತಾರೆ. ಒಡೆಯನ ತೋಟದಲ್ಲಿ ಜೀತಕ್ಕಿದ್ದವನ ಹೆಸರು ಯಾವ ಕಡತದಲ್ಲಿ ಸಿಕ್ಕೀತು? ಕಾಯ್ದೆಯ ನಿಯಮಗಳು ಊರಿನ ಹಿರಿಯರ ಹೇಳಿಕೆಯನ್ನೂ ಸಾಕ್ಷ್ಯವೆಂದು ಒಪ್ಪುತ್ತವೆ. ಸಂಘಟನೆಯ ಗೆಳೆಯರು ಹಿಡಿಯಬೇಕಾದ ಎಳೆ ಇದು.

ಅಣಬೆಯನ್ನು ಯಾವ ಹುತ್ತದಲ್ಲಿ, ಯಾವ ಮಳೆಗೆ ಕಿತ್ತೆವು ಎಂದು ಹೇಳಬಲ್ಲ ಮುದುಕಿಯರು ಇನ್ನೂ ನಮ್ಮ ಕೇರಿಗಳಲ್ಲಿದ್ದಾರೆ. ಅವರ ಮಾತು ಬರೆದುಕೊಳ್ಳುವುದು ಬರೀ ಜಾನಪದ ಸಂಗ್ರಹವಲ್ಲ. ಅದು ಹಕ್ಕಿನ ದಾಖಲೆ.