ಮನೋಚಿಕಿತ್ಸೆಗೊಂದು ಒರೆಗಲ್ಲು

ಜ್ವರಕ್ಕೆ ಕೊಟ್ಟ ಔಷಧ ಫಲಿಸಿತೋ ಇಲ್ಲವೋ ಎಂಬುದನ್ನು ಉಷ್ಣಮಾಪಕ ಹೇಳಬಲ್ಲುದು. ಮಾತಿನಿಂದಲೇ ಮನದ ಬೇಗೆಯನ್ನು ಶಮನಗೊಳಿಸುವ ಮನೋಚಿಕಿತ್ಸೆಯ ಫಲವನ್ನು ಅಳೆಯುವುದೆಂತು? ವಿಯೆನ್ನಾದ ಸಿಗ್ಮಂಡ್ ಫ್ರಾಯ್ಡ್ ಹಾಗೂ ಅವರ ಅನುಯಾಯಿಗಳು ರೋಗಿಯ ವೃತ್ತಾಂತವನ್ನೇ ಪ್ರಮಾಣವೆಂದು ಭಾವಿಸಿದ್ದರು. ಮುಚ್ಚಿದ ಬಾಗಿಲೊಳಗಣ ಸಂಭಾಷಣೆಗೆ ವೈದ್ಯರ ನೆನಪೇ ಸಾಕ್ಷಿ. 1940ರ ದಶಕದಲ್ಲಿ ಅಮೆರಿಕದ ಕಾರ್ಲ್ ರೋಜರ್ಸ್ ಅದನ್ನು ಧ್ವನಿಮುದ್ರಿಸಿ ಇತರರ ಪರಿಶೀಲನೆಗೆ ತೆರೆದಿಟ್ಟರು.

ನಿಜವಾದ ಕೋಲಾಹಲವೆದ್ದುದು 1952ರಲ್ಲಿ. ಮನೋವ್ಯಾಕುಲತೆಯಿಂದ ನರಳುವವರಲ್ಲಿ ಮೂರರಲ್ಲಿ ಎರಡು ಪಾಲು ಜನ ಇಂಥ ಚಿಕಿತ್ಸೆಯಿಲ್ಲದೆಯೂ ಸುಮಾರು ಎರಡು ವರ್ಷಗಳೊಳಗೆ ಸುಧಾರಿಸುತ್ತಾರೆ, ಚಿಕಿತ್ಸೆಯಿಂದ ಹೆಚ್ಚಿನ ಗುಣವಾಗುವುದೆಂಬುದಕ್ಕೆ ಆಧಾರವಿಲ್ಲ ಎಂದು ಲಂಡನ್ನಿನ ಹ್ಯಾನ್ಸ್ ಐಸೆಂಕ್ ಪುಟ್ಟ ಪ್ರಬಂಧವೊಂದರಲ್ಲಿ ಸಾರಿದರು. ಅವರ ಲೆಕ್ಕದಲ್ಲಿ ದೋಷಗಳಿದ್ದವು. ಹೋಲಿಸಿದ ಗುಂಪುಗಳು ಸಮಾನವಾಗಿರಲಿಲ್ಲ. ‘ಗುಣ’ವೆಂಬ ಮಾತಿಗೆ ಒಬ್ಬೊಬ್ಬರದು ಒಂದೊಂದು ಅರ್ಥ. ಆದರೂ ಆ ಕಟುಪ್ರಶ್ನೆ ಉಪಕಾರವನ್ನೇ ಮಾಡಿತು. ಹೊಸ ಗೊಬ್ಬರ ಹಾಕಿದ ಮಡಿಯ ಪಕ್ಕದಲ್ಲಿ ಹಾಕದ ಮಡಿಯನ್ನೂ ಬಿಟ್ಟು ನೋಡುವ ರೈತನಂತೆ, ಚೀಟಿ ಎತ್ತಿದ ಹಾಗೆ ರೋಗಿಗಳನ್ನು ಎರಡು ಗುಂಪು ಮಾಡಿ ಹೋಲಿಸುವ ಕ್ರಮ ಕ್ರಮೇಣ ಬೇರೂರಿತು.

1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ 375 ಅಧ್ಯಯನಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿದರು. ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ, ಪಡೆಯದ ನೂರು ಜನರಲ್ಲಿ 75 ಮಂದಿಯ ಸ್ಥಿತಿಗಿಂತ ಉತ್ತಮವಾಗಿತ್ತು. ಚಿಕಿತ್ಸಾಪಂಥಗಳ ನಡುವೆ ಮಾತ್ರ ಹೇಳಿಕೊಳ್ಳುವಂಥ ಅಂತರವಿರಲಿಲ್ಲ! ಐಸೆಂಕರಂತೂ ಈ ವಿಧಾನವನ್ನೇ ಗೇಲಿ ಮಾಡಿದರು. ಫಲ ಕಾಣದ ಅಧ್ಯಯನಗಳು ಎಷ್ಟೋ ವೇಳೆ ಅಚ್ಚಾಗದೆ ಉಳಿಯುವುದರಿಂದ ಲಾಭ ಹಿಗ್ಗಿ ಕಾಣುತ್ತದೆಂಬುದನ್ನು ಅನಂತರದವರು ತೋರಿಸಿದ್ದಾರೆ.

ಭಾರತಕ್ಕೆ ಇದಕ್ಕಿಂತ ತುರ್ತಾದ ಪ್ರಶ್ನೆಯೊಂದಿದೆ. ಬೆಂಗಳೂರಿನ ನಿಮ್ಹಾನ್ಸ್‌ನಂಥ ಸಂಸ್ಥೆಗಳು ತಜ್ಞರನ್ನು ಸಿದ್ಧಗೊಳಿಸುತ್ತಿದ್ದರೂ ಹಳ್ಳಿಗಳಿಗೆ ಅವರು ಸಾಲುತ್ತಿಲ್ಲ. ತಜ್ಞರಲ್ಲದವರು ಈ ಕಾರ್ಯವನ್ನು ನಿರ್ವಹಿಸಬಲ್ಲರೇ? ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಗೋವೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಯ 495 ಮಂದಿಯೊಂದಿಗೆ ಇದನ್ನು ಪರೀಕ್ಷಿಸಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ತರಬೇತಿ ಪಡೆದ ಸಾಮಾನ್ಯ ಸಲಹೆಗಾರರು ಆರರಿಂದ ಎಂಟು ಭೇಟಿಗಳಲ್ಲಿ, ರೋಗಿಯು ಕೈಬಿಟ್ಟ ನಿತ್ಯದ ಚಟುವಟಿಕೆಗಳನ್ನು ಮರಳಿ ಹಿಡಿಯುವಂತೆ ನೆರವಾದರು. ಮೂರು ತಿಂಗಳಲ್ಲಿ ಅವರ ಗುಂಪಿನ ಶೇಕಡ 64ರಷ್ಟು ಜನ ಖಿನ್ನತೆಯಿಂದ ಹೊರಬಂದಿದ್ದರು. ಎಂದಿನ ವೈದ್ಯಕೀಯ ಆರೈಕೆಯನ್ನಷ್ಟೇ ತುಸು ಸುಧಾರಿಸಿ ಕೊಟ್ಟ ಗುಂಪಿನಲ್ಲಿ ಶೇಕಡ 39.

ಉಳಿದ ಶೇಕಡ 36ರಷ್ಟು ಜನರಿಗೆ ಏಕೆ ಫಲಿಸಲಿಲ್ಲ, ಯಾರಿಗೆ ಯಾವ ಚಿಕಿತ್ಸೆ ಒಗ್ಗುತ್ತದೆಂಬುದನ್ನು ಮೊದಲೇ ಅರಿಯಬಹುದೇ, ಮಾತಿನ ಚಿಕಿತ್ಸೆ ಯಾರಿಗೆ ಹಾನಿ ಮಾಡೀತು ಎಂಬ ಪ್ರಶ್ನೆಗಳು ಮುಂದಿನ ಸಂಶೋಧಕರ ಪಾಲಿಗಿವೆ. ಕೊನೆಯದನ್ನು ಕೇಳಿದವರೇ ಕಡಮೆ.