ಅರ್ಧ ಗಂಟೆಯ ದೇಶಕ್ಕೊಂದು ಕೈಗಡಿಯಾರ

ಮುಂಡಗೋಡಿನ ಟಿಬೆಟನ್ ವಸತಿಯು 1966ರಲ್ಲಿ ನೆಲೆಗೊಂಡು, ಡ್ರೆಪುಂಗ್ ಮತ್ತು ಗಾಂದೆನ್ ಎಂಬ ಪ್ರಾಚೀನ ಮಹಾವಿಹಾರಗಳು ಅಲ್ಲಿ ಪುನರ್ಜನ್ಮ ಪಡೆದಂದಿನಿಂದ ಆ ಊರಿನ ಬಾಂಧವ್ಯಗಳು ಜ್ಯೂರಿಕ್, ನ್ಯೂಯಾರ್ಕ್, ಟೊರಾಂಟೊಗಳವರೆಗೂ ಹಬ್ಬಿಕೊಂಡಿವೆ. ದಾಂಡೇಲಿ, ಹಳಿಯಾಳ, ಜೋಯ್ಡಾಗಳ ಮನೆಗಳಿಂದಲೂ ಮಕ್ಕಳು ವಿದ್ಯೆ ಉದ್ಯೋಗಗಳನ್ನರಸಿ ಸಮುದ್ರದಾಚೆಗೆ ಹೋಗಿದ್ದಾರೆ. ಹೀಗಿರುವಲ್ಲಿ ಎರಡು ದೇಶಗಳ ವೇಳೆಯನ್ನು ಏಕಕಾಲಕ್ಕೆ ತೋರಿಸುವ, ಲಕ್ಷಗಟ್ಟಲೆ ಬೆಲೆಯ ಕೈಗಡಿಯಾರವೊಂದನ್ನು ಕೊಳ್ಳಬೇಕೆಂಬ ಅಪೇಕ್ಷೆ ಈ ಸೀಮೆಯವರಲ್ಲಿ ಹುಟ್ಟಿದರೆ ಅದನ್ನು ಬರಿಯ ಆಡಂಬರವೆಂದು ತಳ್ಳಿಹಾಕತಕ್ಕದ್ದಲ್ಲ. ಆದರೆ ಚಿನ್ನವೋ ಉಕ್ಕೋ, ಯಾವ ಕಂಪನಿಯದೋ ಎಂಬ ವಿಚಾರಕ್ಕೆ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಆ ಯಂತ್ರಕ್ಕೆ ಅರ್ಧ ಗಂಟೆಯ ಲೆಕ್ಕ ಬರುತ್ತದೆಯೆ?

ಭೂಮಿಯು ಗಂಟೆಗೆ 15 ಅಂಶದಂತೆ, ಎಂದರೆ ಒಂದು ಅಂಶಕ್ಕೆ 4 ನಿಮಿಷದಂತೆ ತಿರುಗುತ್ತದೆ. 1884ರಲ್ಲಿ ವಾಷಿಂಗ್ಟನ್ನಿನಲ್ಲಿ ಸೇರಿದ ಪರಿಷತ್ತು ಗ್ರೀನಿಚ್ಚಿನ ರೇಖೆಯನ್ನು ಶೂನ್ಯವೆಂದು ಅಂಗೀಕರಿಸಿತಾಗಿ, ಅಲ್ಲಿಂದ ಪೂರ್ವಕ್ಕೆ ಸರಿಯಾಗಿ ಐದು ಗಂಟೆಯ ದೂರದಲ್ಲಿರುವುದು 75ನೆಯ ರೇಖಾಂಶ. ಮುಂಡಗೋಡು ಇರುವುದು ಹೆಚ್ಚುಕಡಿಮೆ ಆ ರೇಖೆಯ ಮೇಲೆಯೇ! ಸೂರ್ಯನನ್ನೇ ನಂಬುವುದಾದರೆ ಮುಂಡಗೋಡಿನ ವೇಳೆಯು ಗ್ರೀನಿಚ್ಚಿಗಿಂತ ಪೂರ್ಣ ಐದು ಗಂಟೆ ಮುಂದಿರಬೇಕು. ಆದರೆ 1906ರ ಜನವರಿ 1ರಿಂದ ನಮ್ಮ ದೇಶದ ವೇಳೆಯು ಪ್ರಯಾಗದ ಸಮೀಪದಲ್ಲಿ ಹಾದುಹೋಗುವ ಎಂಬತ್ತೆರಡೂವರೆ ಅಂಶದ ರೇಖೆಯನ್ನು ಅನುಸರಿಸಿದುದರಿಂದ ಆ ಅಂತರವು ಐದೂವರೆ ಗಂಟೆಯಾಯಿತು. ಪರಿಣಾಮವಾಗಿ ನಮ್ಮ ಗಡಿಯಾರಗಳು ಹನ್ನೆರಡು ಹೊಡೆದಾಗ ದಾಂಡೇಲಿಯ ಸೂರ್ಯನು ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಭೂಮಿಯ ಕಕ್ಷೆ ಪೂರ್ಣ ವೃತ್ತವಲ್ಲದ್ದರಿಂದಲೂ ಅದರ ಅಕ್ಷ ಓರೆಯಾಗಿರುವುದರಿಂದಲೂ ಅವನು ನೆತ್ತಿಗೇರುವ ಕ್ಷಣವು ವರ್ಷವಿಡೀ ಸರಿದಾಡುತ್ತ, ನವೆಂಬರಿನ ಮೊದಲಲ್ಲಿ ಸುಮಾರು 12 ಗಂಟೆ 15 ನಿಮಿಷಕ್ಕೂ ಫೆಬ್ರುವರಿಯ ನಡುವೆ ಸುಮಾರು 12 ಗಂಟೆ 46 ನಿಮಿಷಕ್ಕೂ ಬೀಳುತ್ತದೆ. ಜೋಯ್ಡಾಕ್ಕೂ ಮುಂಡಗೋಡಿಗೂ ಇರುವ ಭೇದ ಎರಡು ನಿಮಿಷದಷ್ಟು ಮಾತ್ರ. ಮುಂಡಗೋಡಿನ ಭಿಕ್ಷುಗಳ ಮೂಲನಾಡಾದ ಲ್ಹಾಸಾದಲ್ಲಂತೂ ಬೀಜಿಂಗಿನ ವೇಳೆ ನಡೆಯುವುದರಿಂದ ಗಡಿಯಾರವು ಸೂರ್ಯನಿಗಿಂತ ಎರಡು ಗಂಟೆಗೆ ನಾಲ್ಕೇ ನಿಮಿಷ ಕಡಿಮೆಯಷ್ಟು ಮುಂದೋಡುತ್ತದೆ.

ಈಗ ಯಂತ್ರದ ಮಾತು. 1950ರ ದಶಕದಲ್ಲಿ ವಿಮಾನಚಾಲಕರಿಗಾಗಿ ರೂಪುಗೊಂಡ, ಇಂದು ಜಿಎಂಟಿ ಎಂಬ ಹೆಸರಿನಿಂದ ಮಾರಾಟವಾಗುವ ಗಡಿಯಾರಗಳಲ್ಲಿ ಮಾಮೂಲು ಮುಳ್ಳುಗಳ ಜೊತೆಗೆ ದಿನಕ್ಕೊಮ್ಮೆ ಮಾತ್ರ ಸುತ್ತುವ ನಾಲ್ಕನೆಯ ಮುಳ್ಳೊಂದು ಇರುತ್ತದೆ. ಪ್ರಯಾಣಿಕನು ಬೇರೆ ದೇಶದಲ್ಲಿ ಇಳಿದಾಗ ನಿಮಿಷಗಳು ಕದಲದಂತೆ ಗಂಟೆಯ ಮುಳ್ಳನ್ನಷ್ಟೇ ಸರಿಸಲು ಅನುವಾಗುವಂತೆ, ಬಹುತೇಕ ಉತ್ತಮ ಗಡಿಯಾರಗಳ ಒಳಗೆ ಹನ್ನೆರಡು ಹಲ್ಲುಗಳ ನಕ್ಷತ್ರಾಕಾರದ ಚಕ್ರವನ್ನೂ ಅದನ್ನು ಒತ್ತಿಹಿಡಿಯುವ ಸ್ಪ್ರಿಂಗನ್ನೂ ಇಟ್ಟಿರುತ್ತಾರೆ. ಒಂದೊಂದು ಹಲ್ಲಿಗೆ ಒಂದೊಂದು ಗಂಟೆ, ನಡುವೆ ನಿಲ್ಲುವ ಸ್ಥಾನವೇ ಇಲ್ಲ. ನಿಮಿಷದ ಮುಳ್ಳಾದರೋ ಎರಡು ದೇಶಗಳಿಗೂ ಒಂದೇ. ಚಳಿಗಾಲದಲ್ಲಿ ಮುಂಡಗೋಡಿಗೂ ಜ್ಯೂರಿಕ್ಕಿಗೂ ನಾಲ್ಕೂವರೆ ಗಂಟೆಯ ಅಂತರವಿರುವುದರಿಂದ ಇಲ್ಲಿ ಮಧ್ಯಾಹ್ನ ಮೂರಾದಾಗ ಅಲ್ಲಿ ಬೆಳಗಿನ ಹತ್ತೂವರೆ. ನಮ್ಮ ನಿಮಿಷದ ಮುಳ್ಳು ಹನ್ನೆರಡರ ಮೇಲಿದ್ದರೆ ಅವರದು ಆರರ ಮೇಲಿರಬೇಕು. ಅದು ಆ ಯಂತ್ರಕ್ಕೆ ಸಾಧ್ಯವಿಲ್ಲ. ಗ್ರೀನಿಚ್ಚಿನ ವೇಳೆಗೆ ಹೊಂದಿಸಿ ಐದು ಹಲ್ಲು ಮುಂದೆ ಸರಿಸಿದರೆ ಅದು ತೋರಿಸುವುದು ಭಾರತದ ವೇಳೆಯನ್ನಲ್ಲ, ಮುಂಡಗೋಡಿನ ಸೂರ್ಯನ ಸರಾಸರಿ ವೇಳೆಯನ್ನು! ಈ ಆಕಸ್ಮಿಕವು ನನಗೆ ಬಹಳ ಸುಂದರವಾಗಿ ಕಾಣುತ್ತದೆ. ಆದರೆ ಜ್ಯೂರಿಕ್ಕಿಗೆ ದೂರವಾಣಿ ಮಾಡುವವನಿಗೆ ಅದರಿಂದ ಪ್ರಯೋಜನವಿಲ್ಲ.

ಜಿನೀವಾದ ಲೂಯಿ ಕಾಟಿಯೆ 1931ರಲ್ಲಿ ರಚಿಸಿದ ವಿಶ್ವವೇಳೆಯ ಗಡಿಯಾರದಲ್ಲಿ ಊರುಗಳ ಹೆಸರುಳ್ಳ ಬಳೆಯೊಂದು 24 ಗಂಟೆಗಳ ಬಳೆಯನ್ನು ಸುತ್ತುವರಿದಿರುತ್ತದೆ. ಆದರೆ ಅದರ ಮಾದರಿಯಲ್ಲಿ ಬಂದ ಅನೇಕ ಗಡಿಯಾರಗಳಲ್ಲಿ ಕರಾಚಿಯಾದ ಮೇಲೆ ಢಾಕಾ ಬರುತ್ತದೆ, ನಡುವಿನ ಭಾರತವೇ ಇರುವುದಿಲ್ಲ. 2011ರಲ್ಲಿ ವಾಶೆರಾನ್ ಕಾನ್‌ಸ್ಟಾಂಟಿನ್ ಸಂಸ್ಥೆಯು ಅರ್ಧ ಮತ್ತು ಕಾಲು ಗಂಟೆಗಳನ್ನೂ ಒಳಗೊಂಡ 37 ವಲಯಗಳ ಗಡಿಯಾರವನ್ನು ಹೊರತಂದು ಈ ಲೋಪವನ್ನು ಪರಿಹರಿಸಿತು. ಅಷ್ಟು ಹಣ ತೆರಲಾರದವರು ತನ್ನದೇ ನಿಮಿಷದ ಮುಳ್ಳುಳ್ಳ ಎರಡನೆಯ ಚಿಕ್ಕ ಮುಖವಿರುವ, ಇಲ್ಲವೆ ಒಂದೇ ಕವಚದಲ್ಲಿ ಎರಡು ಸ್ವತಂತ್ರ ಯಂತ್ರಗಳಿರುವ ಗಡಿಯಾರವನ್ನು ಆರಿಸುವುದು ಮೇಲು. ಹೆಸರಾಂತ ಚಿನ್ನದ ಜಿಎಂಟಿಗಿಂತ ನಮ್ಮ ದೇಶಕ್ಕೆ ಇದೇ ಯೋಗ್ಯವೆಂದು ನನ್ನ ದೃಢವಾದ ಅಭಿಪ್ರಾಯ. ಯಾವುದನ್ನು ಕೊಂಡರೂ ಸ್ವಿಟ್ಜರ್ಲೆಂಡಿನವರು ಮಾರ್ಚ್ ಕಡೆಯ ರವಿವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೂ ಅಕ್ಟೋಬರ್ ಕಡೆಯ ರವಿವಾರ ಹಿಂದಕ್ಕೂ ತಿರುಗಿಸುವರೆಂಬುದನ್ನು ನೆನಪಿಡಬೇಕು. ಬೇಸಿಗೆಯಲ್ಲಿ ಆ ಅಂತರ ಮೂರೂವರೆ ಗಂಟೆಗೆ ಇಳಿಯುತ್ತದೆ.

ಗ್ರೀನಿಚ್ಚಿನ ವೇಳೆಯಷ್ಟೇ ಸಾಕೆನ್ನುವವರಿಗೆ ಖರ್ಚೇ ಇಲ್ಲ. 1961ರಿಂದ ಬೆಂಗಳೂರಿನಲ್ಲಿ ತಯಾರಾಗಿ ಮನೆಮನೆ ಸೇರಿದ ಎಚ್.ಎಂ.ಟಿ. ಗಡಿಯಾರವೊಂದು ಪೆಟ್ಟಿಗೆಯಲ್ಲಿದ್ದರೆ ತೆಗೆದು, ಮಧ್ಯಾಹ್ನ ಮೂರಕ್ಕೆ ಅದನ್ನು ತಲೆಕೆಳಗಾಗಿ ಹಿಡಿಯಿರಿ: ಚಿಕ್ಕ ಮುಳ್ಳು ಒಂಬತ್ತರ ಸ್ಥಾನದಲ್ಲೂ ದೊಡ್ಡ ಮುಳ್ಳು ಆರರ ಸ್ಥಾನದಲ್ಲೂ ಕಾಣುತ್ತವೆ. ಗ್ರೀನಿಚ್ಚಿನಲ್ಲಿ ಆಗ ಒಂಬತ್ತೂವರೆ.

ಆದುದರಿಂದ ಬೆಲೆಬಾಳುವ ಗಡಿಯಾರ ಕೊಳ್ಳಲು ಹೊರಟವರು ಹಣ ಕೊಡುವ ಮುನ್ನ ಅಂಗಡಿಯವರ ಕೈಯಿಂದಲೇ ಒಂದು ವೇಳೆಯನ್ನು ಭಾರತಕ್ಕೂ ಇನ್ನೊಂದನ್ನು ಜ್ಯೂರಿಕ್ಕಿಗೂ ಹೊಂದಿಸಿಕೊಂಡು, ಎರಡರ ನಿಮಿಷಗಳನ್ನೂ ತಾವೇ ಓದಿ ನೋಡಬೇಕು.